ಅವರವರ ಮನೆಯ ಎದುರಿನ ಗೋಡೆ

ಬಾಬಿಲೋನಿನ ಸೆರೆಯಿಂದ ಮರಳಿದ ಯೆಹೂದ್ಯರು ಜೆರುಸಲೇಮಿನ ದೇವಾಲಯವನ್ನೂ ಗೋಡೆಯನ್ನೂ ಮತ್ತೆ ಕಟ್ಟಿದ ಕಥೆ ಬೈಬಲಿನ ಎಜ್ರ, ನೆಹೆಮೀಯ ಗ್ರಂಥಗಳಲ್ಲಿದೆ. ಆ ಎರಡೂ ಗ್ರಂಥ ಓದಿ, ಅನುಮಾನ ಬಂದದ್ದನ್ನು ಕಾರ್ಡಿನಲ್ಲಿ ಬರೆದು ಕಳಿಸಿ ಅಂತ ಹೋದ ತಿಂಗಳು ಕೇಳಿದ್ದೆ. ಒಂದೆರಡು ಬಂದರೆ ಹೆಚ್ಚು ಅಂದುಕೊಂಡಿದ್ದೆ, ಹನ್ನೊಂದು ಬಂದವು. ಮೂವತ್ತು ವರ್ಷ ಕನ್ನಡ ಕಲಿಸಿದವಳಿಗೆ ಕಾಗುಣಿತ ತಿದ್ದುವ ಚಟ ಬಿಟ್ಟಿಲ್ಲ. ಕಾರ್ಡುಗಳ ಮೇಲೆಲ್ಲ ಕೆಂಪು ಶಾಯಿ ಆಗಿದೆ, ಬೇಸರ ಮಾಡಿಕೊಳ್ಳಬೇಡಿ. ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಎಪ್ಪತ್ತು ವರ್ಷ ಸೆರೆ ಅನ್ನುತ್ತಾರೆ. ಲೆಕ್ಕ ಹಾಕಿದರೆ ನನಗೆ ಐವತ್ತೂ ದಾಟುವುದಿಲ್ಲ. ಇದೆಲ್ಲ ನಿಜವಾಗಿ ನಡೆದದ್ದೇ? (ಅಂಕೋಲಾ)

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಬಾಬಿಲೋನಿನವರು ಜೆರುಸಲೇಮಿನ ದೇವಾಲಯ ಸುಟ್ಟು ಜನರನ್ನು ಸೆರೆ ಒಯ್ದದ್ದು ಕ್ರಿ.ಪೂ. 586ರಲ್ಲಿ. ಪರ್ಷಿಯದ ಸೈರಸ್ (ಹಳೆಯ ಭಾಷಾಂತರದಲ್ಲಿ ಕೋರೆಷ) ಬಾಬಿಲೋನನ್ನು ಹಿಡಿದದ್ದು 539ರಲ್ಲಿ, ಸೆರೆಯವರಿಗೆ ನಿಮ್ಮ ಊರಿಗೆ ಹೋಗಿ ಅಂದದ್ದು 538ರಲ್ಲಿ. ಅಲ್ಲಿಗೆ ನಲವತ್ತೆಂಟು. ಕೆಲವರು 605ರ ಮೊದಲ ಸೆರೆಯಿಂದ ಎಣಿಸುತ್ತಾರೆ. ಇನ್ನು ಕೆಲವರು ದೇವಾಲಯ ಬಿದ್ದ ದಿನದಿಂದ ಅದು ಮತ್ತೆ ಎದ್ದ 515ರವರೆಗೆ ಎಣಿಸುತ್ತಾರೆ. ನನಗೆ ಎರಡನೆಯದು ಹೆಚ್ಚು ಒಪ್ಪುತ್ತದೆ. ಊರಿಗೆ ಕಾಲಿಟ್ಟ ಕೂಡಲೇ ಸೆರೆ ಮುಗಿಯುವುದಿಲ್ಲ ಅನ್ನುವುದು ಅದರಲ್ಲಿದೆ.

ನಡೆದದ್ದೇ ಅನ್ನುವುದಕ್ಕೆ, 1879ರಲ್ಲಿ ಬಾಬಿಲೋನಿನ ಮಣ್ಣಿನಲ್ಲಿ ಸೈರಸನ ಸುಟ್ಟ ಜೇಡಿಮಣ್ಣಿನ ಶಾಸನ ಸಿಕ್ಕಿತು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಯ್ದ ದೇವತೆಗಳನ್ನು ಅವರವರ ಗುಡಿಗೆ, ಜನರನ್ನು ಅವರವರ ನೆಲೆಗೆ ಕಳಿಸಿದೆ ಅಂತ ಅದರಲ್ಲಿ ಹೇಳಿಕೊಂಡಿದ್ದಾನೆ. ಅದರಲ್ಲಿ ಯೆಹೂದ್ಯರ ಹೆಸರೇ ಇದೆ ಅಂತ ಪ್ರಸಂಗದಲ್ಲಿ ಹೇಳುವವರಿದ್ದಾರೆ. ಇಲ್ಲ. ಹೆಸರಿರುವುದು ಬಾಬಿಲೋನಿನ ದೇವರು ಮರ್ದೂಕನದು. ಆ ಅರಸನನ್ನೇ ಯೆಶಾಯನ ಗ್ರಂಥದ 45ನೇ ಅಧ್ಯಾಯ 'ಪ್ರಭುವಿನ ಅಭಿಷಿಕ್ತ' ಅನ್ನುತ್ತದೆ, ತನ್ನನ್ನು ಕರೆದವನಾರೆಂದು ಅವನಿಗೆ ಗೊತ್ತಿಲ್ಲ ಅಂತಲೂ ಸೇರಿಸುತ್ತದೆ. ದೇವರ ಕೆಲಸ ನಮ್ಮವರ ಕೈಯಲ್ಲೇ ಆಗಬೇಕು ಅನ್ನುವವರು ಆ ಅಧ್ಯಾಯವನ್ನು ಎರಡು ಸಲ ಓದಲಿ.

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ. ಬಾಬಿಲೋನಿನಲ್ಲೇ ಉಳಿದವರು ವಿಶ್ವಾಸ ಕಳೆದುಕೊಂಡವರು ಅಂತ ಅಪ್ಪ ಹೇಳುತ್ತಾರೆ. ನನಗೇ ಹೇಳುತ್ತಾರೆ ಅಂತ ಗೊತ್ತಾಗುತ್ತದೆ. (ಕುಮಟಾ)

ಅಪ್ಪನಿಗೆ ನೀನು ಬೇಕು ಮಗಾ, ಬೈಬಲ್ ಬರೀ ನೆಪ. ಆದರೂ ಉತ್ತರ ಹೇಳುತ್ತೇನೆ.

ಹೋಗಿ ಅಂದಾಗ ಬಹಳ ಜನ ಹೋಗಲಿಲ್ಲ. 'ಯೆಹೂದದ ಊರು' ಅಂತಲೇ ಹೆಸರಿದ್ದ ಒಂದು ಹಳ್ಳಿ ಬಾಬಿಲೋನಿನ ಸೀಮೆಯಲ್ಲಿತ್ತು. ಅಲ್ಲಿನ ಜೇಡಿಮಣ್ಣಿನ ಕರಾರುಪತ್ರಗಳು ಸಿಕ್ಕಿವೆ: ಗೇಣಿ, ಖರ್ಜೂರ, ಎತ್ತು, ತೆರಿಗೆ. ಸೈರಸನ ಅಪ್ಪಣೆಯಾಗಿ ಎಷ್ಟೋ ವರ್ಷವಾದ ಮೇಲಿನ ಪತ್ರಗಳೂ ಅದರಲ್ಲಿವೆ. ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತ ಪ್ರವಾದಿ ಯೆರೆಮೀಯ ಸೆರೆಯವರಿಗೆ ಕಾಗದ ಬರೆದಿದ್ದನಲ್ಲ (29ನೇ ಅಧ್ಯಾಯ), ಅವರು ಅದನ್ನೇ ಮಾಡಿದರು. ಹೊರಟವರ ಕೈಗೆ ಬೆಳ್ಳಿ, ಬಂಗಾರ, ದನಕರು ಕೊಟ್ಟು ಕಳಿಸಿದವರಲ್ಲಿ ಉಳಿದವರೂ ಇದ್ದರು. ನಮ್ಮ ಕರಾವಳಿಯ ಎಷ್ಟು ಇಗರ್ಜಿಗಳ ಹೆಂಚು ಕೊಲ್ಲಿಯಿಂದ ಬಂದ ದುಡ್ಡಿನದು ಅಂತ ಅಪ್ಪನನ್ನೇ ಕೇಳು. ಧರ್ಮಶಾಸ್ತ್ರ ಓದಿ ಹೇಳಿದ ಎಜ್ರ ಜೆರುಸಲೇಮಿಗೆ ಬಂದದ್ದು 458ರಲ್ಲಿ, ಗೋಡೆ ಕಟ್ಟಿಸಿದ ನೆಹೆಮೀಯ 445ರಲ್ಲಿ. ಅಂದರೆ ಮೊದಲು ಹೋಗದೆ ಉಳಿದವರ ಮಕ್ಕಳು, ಮೊಮ್ಮಕ್ಕಳು. ಅವರಿಲ್ಲದಿದ್ದರೆ ಗೋಡೆಯೂ ಇಲ್ಲ, ಓದುವವರೂ ಇಲ್ಲ.

ಆದರೆ ಒಂದು ಮಾತು. ನೆಹೆಮೀಯ ಪರ್ಷಿಯದ ಶೂಷನ್ ಅರಮನೆಯಲ್ಲಿ ಅರಸನಿಗೆ ದ್ರಾಕ್ಷಾರಸ ಬಡಿಸುತ್ತಿದ್ದವನು, ಒಳ್ಳೆಯ ನೌಕರಿ. ಅಣ್ಣತಮ್ಮಂದಿರಲ್ಲಿ ಒಬ್ಬ ಊರಿನಿಂದ ಬಂದಾಗ ಅವನು ತಾನಾಗಿ ಕೇಳಿದ: ಅಲ್ಲಿಯವರು ಹೇಗಿದ್ದಾರೆ? ಉತ್ತರ ಕೇಳಿ ಕೂತು ಅತ್ತ. ನೀನು ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡುವಾಗ ಅಪ್ಪನ ಮಂಡಿನೋವು ಕೇಳುತ್ತೀಯೋ, ಹೊಸ ಗಾಡಿ ತೋರಿಸುತ್ತೀಯೋ?

ಪ್ರಶ್ನೆ: ನಾವು ಊರು ಬಿಟ್ಟವರು. 'ಸಿಯೋನಿನ ಸೆರೆ ಬಿಡಿಸಿದಾಗ ಕನಸು ಕಂಡವರಂತಿದ್ದೆವು' ಅನ್ನುವ 126ನೇ ಕೀರ್ತನೆ ಹಾಡುವಾಗ ನನಗೆ ಗಂಟಲು ಕಟ್ಟುತ್ತದೆ. ನಮಗೆ ಮರಳುವುದು ಇಲ್ಲ. ವಿಶ್ವಾಸವಿದ್ದರೆ ದೇವರು ಕಳೆದದ್ದೆಲ್ಲ ಕೊಡುತ್ತಾನೆ ಅಂತ ಒಬ್ಬ ಪ್ರಸಂಗಿ ಹೇಳಿಹೋದರು. (ಕಾರವಾರದ ಒಂದು ಪುನರ್ವಸತಿ ಕಾಲೋನಿ)

ಅಕ್ಕ, ನಾನೂ ಅಂಥದೇ ಕಾಲೋನಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಮ್ಮ ಊರು ತೆಗೆದುಕೊಂಡ ಕಾರವಾರದ ನೌಕಾನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ. ನಾವು ಮನೆ ಬಿಟ್ಟದ್ದು ಎಷ್ಟೋ ವರ್ಷ ಆಮೇಲೆ. ಮನೆ ಕೆಡವುವ ಹಿಂದಿನ ದಿನ ಅಮ್ಮ ಹಲಸಿನ ಮರದ ಬಾಗಿಲ ಚೌಕಟ್ಟನ್ನು ಕಿತ್ತು ಗಾಡಿಗೆ ಹೇರಿಸಿದರು. ಅಜ್ಜ ಮಾಡಿಸಿದ್ದು, ಮೇಲೆ ಶಿಲುಬೆ, ಎರಡು ಕಡೆ ಬಳ್ಳಿ. ಇಲ್ಲಿ ತಂದು ನಿಲ್ಲಿಸಿದರೆ ಹೊಸ ಮನೆಯ ಬಾಗಿಲಿಗಿಂತ ಒಂದು ಗೇಣು ಎತ್ತರ. ಆಚಾರಿ ಕೆಳಗಿನಿಂದ ಕೊಯ್ಯುತ್ತೇನೆ ಅಂದ. ಅಮ್ಮ ಬಿಡಲಿಲ್ಲ. ಕೊಯ್ಯಬೇಡ, ಮಡಗು ಅಂದರು. ನಾಲ್ಕು ಮಳೆಗಾಲ ಅದು ಹಿತ್ತಿಲ ಗೋಡೆಗೆ ಒರಗಿ ನಿಂತಿತ್ತು. ಐದನೆಯದಕ್ಕೆ ಗೆದ್ದಲು ಹಿಡಿಯಿತು.

ಕಾಲೋನಿಯಲ್ಲಿ ಚಿಕ್ಕ ಪ್ರಾರ್ಥನಾಲಯಕ್ಕೆ ಚಿರೇಕಲ್ಲು ಇಟ್ಟ ದಿನ ಹುಡುಗರು ಪಟಾಕಿ ಹೊಡೆದರು, ಬ್ಯಾಂಡ್ ತಂದರು. ಅಮ್ಮ ಮತ್ತು ಇನ್ನೂ ನಾಲ್ಕು ಮುದುಕಿಯರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ದೊಡ್ಡದಾಗಿ ಅತ್ತರು. ನನಗೆ ಸಿಟ್ಟು ಬಂತು. ಒಳ್ಳೆಯ ದಿನ ಯಾಕೆ ಅಳು ಅಂತ ಎಲ್ಲರೆದುರು ಗದರಿಸಿದೆ. ಆ ರಾತ್ರಿ ಎಜ್ರನ ಮೂರನೇ ಅಧ್ಯಾಯ ತೆಗೆದರೆ ಅದೇ ದೃಶ್ಯ. ಅಸ್ತಿವಾರ ಬಿದ್ದಾಗ ಕಿರಿಯರು ಹರ್ಷದಿಂದ ಕೂಗಿದರು, ಮೊದಲಿನ ದೇವಾಲಯ ಕಂಡಿದ್ದ ಹಿರಿಯರು ಗಟ್ಟಿಯಾಗಿ ಅತ್ತರು, ಕೂಗು ಯಾವುದು ಅಳು ಯಾವುದು ಅಂತ ಗೊತ್ತಾಗಲಿಲ್ಲ. ಅಳುವವರನ್ನು ಎಜ್ರನ ಗ್ರಂಥ ಗದರಿಸುವುದಿಲ್ಲ, ನಾನು ಗದರಿಸಿದ್ದೆ. ಅಮ್ಮನ ಹತ್ತಿರ ತಪ್ಪಾಯಿತು ಅಂತ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಅಮ್ಮ ಮೀನು ಹೆಚ್ಚುತ್ತಾ ಕೂತಿದ್ದರು, 'ಯಾವಾಗ ಗದರಿಸಿದ್ದೆ?' ಅಂದರು.

ಈಗ ನಿಮ್ಮ ಕೀರ್ತನೆಗೆ ಬರೋಣ. ಅದನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಮೊದಲ ಮೂರು ವಚನ 'ಬಿಡಿಸಿದೆ, ನಕ್ಕೆವು' ಅನ್ನುತ್ತವೆ. ನಾಲ್ಕನೆಯದರಲ್ಲಿ ಮತ್ತೆ ಬೇಡಿಕೆ: ದಕ್ಷಿಣದ ಹಳ್ಳಗಳಂತೆ ನಮ್ಮನ್ನು ತಿರುಗಿಸು. ಮರಳಿ ಬಂದವರೇ ಮರಳಿಸು ಅಂತ ಕೇಳುತ್ತಿದ್ದಾರೆ! ಆ ದಕ್ಷಿಣ ಸೀಮೆಯ ಹೆಸರು ನೆಗೇಬ್. ಅಲ್ಲಿನ ಹಳ್ಳ ವರ್ಷದ ಬಹುಭಾಗ ಬರೀ ಕಲ್ಲು, ಮಳೆ ಬಂದರೆ ಒಮ್ಮೆಲೇ ತುಂಬುತ್ತದೆ. ಮೇ ತಿಂಗಳಲ್ಲಿ ನಮ್ಮ ಗುಡ್ಡದ ಹಳ್ಳ ನೋಡಿ, ಜೂನಿನಲ್ಲಿ ಮತ್ತೆ ನೋಡಿ. ಬಂದವರಿಗೆ ಸಿಕ್ಕಿದ್ದು ಕಳೆದ ಊರಲ್ಲ, ಸುಟ್ಟ ಕಲ್ಲಿನ ರಾಶಿ, ನೆರೆಯವರ ದೂರು, ಬರಗಾಲ. ಅಸ್ತಿವಾರ ಹಾಕಿದ್ದು ಹದಿನಾರು ವರ್ಷ ಹಾಗೇ ಬಿತ್ತು, 520ರಲ್ಲಿ ಪ್ರವಾದಿ ಹಗ್ಗಾಯ ಬಂದು ಎಬ್ಬಿಸುವವರೆಗೆ. ಗಳಿಸಿದ ಕೂಲಿ ತೂತು ಚೀಲಕ್ಕೆ ಹಾಕಿದ ಹಾಗೆ ಅಂತ ಅವನು ಹೇಳಿದ್ದು ಪಾಪಿಗಳಿಗಲ್ಲ, ಎಲ್ಲ ಬಿಟ್ಟು ದೇವರ ಮಾತು ಕೇಳಿ ಬಂದವರಿಗೆ. ಹಾಗಿರುವಾಗ ಕಳೆದದ್ದೆಲ್ಲ ಸಿಗುತ್ತದೆ ಅಂತ ಆ ಪ್ರಸಂಗಿಗೆ ಹೇಳಿದವರಾರು? ಗಂಟಲು ಕಟ್ಟಿದರೆ ಕಟ್ಟಲಿ. ಮೊದಲ ಮೂರು ವಚನ ಹುಡುಗರು ಹಾಡಲಿ, ನಾಲ್ಕನೆಯದು ನಮ್ಮದು.

ಪ್ರಶ್ನೆ: ನಮ್ಮ ಇಗರ್ಜಿಯ ಕಂಪೌಂಡ್ ಬಿದ್ದು ಎರಡು ಮಳೆಗಾಲ ಆಯಿತು. ಕಮಿಟಿಯಲ್ಲಿ ಜಗಳ. ನೆಹೆಮೀಯ ಜೆರುಸಲೇಮಿನ ಗೋಡೆಯನ್ನು 52 ದಿನದಲ್ಲಿ ಹೇಗೆ ಮುಗಿಸಿದ? (ಶಿರಸಿ)

ನೆಹೆಮೀಯನ ಮೂರನೇ ಅಧ್ಯಾಯ ಬರೀ ಹೆಸರು ಅಂತ ಹಾರಿಸಿ ಓದುತ್ತೇವೆ. ಗುಟ್ಟು ಅಲ್ಲೇ ಇದೆ. 'ತನ್ನ ಮನೆಯ ಎದುರು' ಅನ್ನುವ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಅಕ್ಕಸಾಲಿಗರು, ಪರಿಮಳದ್ರವ್ಯ ಮಾಡುವವರು, ಯಾಜಕರು, ಎಲ್ಲರಿಗೂ ಒಂದೊಂದು ತುಂಡು. ಶಲ್ಲೂಮ ಅನ್ನುವವನ ಜೊತೆ ಅವನ ಹೆಣ್ಣುಮಕ್ಕಳೂ ಕಟ್ಟಿದರು (ನಿಮ್ಮ ಕಮಿಟಿಯಲ್ಲಿ ಹೆಂಗಸರು ಎಷ್ಟಿದ್ದಾರೆ?). ತೆಕೋವ ಅನ್ನುವ ಊರಿನ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ ಅಂತ ಹೆಸರಿಲ್ಲದೆ ಬರೆದಿಟ್ಟಿದೆ.

ನೀವು ಘಟ್ಟದ ಮೇಲಿನವರು, ಗಜನಿ ನೋಡಿದ್ದೀರೋ ಇಲ್ಲವೋ. ಕುಮಟಾ ಕಡೆ ಅಘನಾಶಿನಿಯ ಉಪ್ಪುನೀರಿನ ಅಂಚಿಗೆ ಕಗ್ಗ ಭತ್ತ ಬೆಳೆಯುವ ಗದ್ದೆಗಳು. ಉಬ್ಬರದ ನೀರು ತಡೆಯಲು ಕಟ್ಟೆ, ನೀರು ಬಿಡಲು ಜಂತ್ರಡಿ ಅನ್ನುವ ತೂಬು. ನನ್ನ ಗಂಡನ ಮನೆ ಅಲ್ಲೇ. ಏಡಿ ಕೊರೆದ ತೂತು ಬೆರಳಷ್ಟಿದ್ದಾಗ ಯಾರ ಗದ್ದೆಯ ಎದುರಿಗಿದೆಯೋ ಅವನು ಒಂದು ಹೆಡಿಗೆ ಕೆಸರು ಮೆತ್ತಿದರೆ ಮುಗಿಯಿತು. ಅವನು ಪಂಚಾಯ್ತಿ ನೋಡಿಕೊಳ್ಳಲಿ ಅಂತ ಕೂತರೆ ಹುಣ್ಣಿಮೆಯ ಉಬ್ಬರಕ್ಕೆ ಎಲ್ಲರ ಗದ್ದೆಗೂ ಉಪ್ಪು. ಕಂಪೌಂಡನ್ನು ಮನೆಗಿಷ್ಟು ಮೊಳ ಅಂತ ಹಂಚಿ ನೋಡಿ.

ಇನ್ನೊಂದು. ಗೋಡೆ ಅರ್ಧ ಆದಾಗ ಐದನೇ ಅಧ್ಯಾಯದಲ್ಲಿ ಕೆಲಸ ಬಿಟ್ಟು ಬೇರೆಯೇ ಕಥೆ: ಬಡವರು ಗದ್ದೆ ಅಡವಿಟ್ಟಿದ್ದಾರೆ, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದಾರೆ, ಸಾಲ ಕೊಟ್ಟವರು ಸ್ವಂತ ಜನ. ನೆಹೆಮೀಯ ಸಭೆ ಕರೆದು ಹೊಲಮನೆಗಳನ್ನೂ ನೂರಕ್ಕೊಂದರಂತೆ ತೆಗೆದ ಬಡ್ಡಿಯನ್ನೂ ವಾಪಸು ಕೊಡಿಸಿದ. ನಿಮ್ಮ ಜಗಳ ನಿಜವಾಗಿ ಕಂಪೌಂಡಿನದೋ, ಒಳಗೊಳಗೆ ಯಾರೋ ಯಾರಿಗೋ ಕೊಟ್ಟ ಸಾಲದ್ದೋ? ದೂರದಿಂದ ನನಗೆ ತಿಳಿಯುವುದಿಲ್ಲ, ನಿಮಗೆ ಗೊತ್ತಿರುತ್ತದೆ.

ಪ್ರಶ್ನೆ: ಎಜ್ರ ಅನ್ಯಜನರ ಹೆಂಡಂದಿರನ್ನು ಕಳಿಸಿಬಿಡಿ ಅಂದನಲ್ಲ, ನನ್ನ ಸೊಸೆ ಬೇರೆ ಧರ್ಮದವಳು. ಏನು ಮಾಡಲಿ? (ಹೊನ್ನಾವರ)

ಅವಳಿಗೆ ಬಂಗುಡೆ ಸಾರು ಮಾಡಲು ಕಲಿಸಿ. ಮಳೆಯಲ್ಲಿ ನಡುಗುತ್ತಾ ಜನ ಬಯಲಲ್ಲಿ ಕೂತಿದ್ದ ಎಜ್ರನ ಹತ್ತನೇ ಅಧ್ಯಾಯ ಓದುವಾಗ ಕಳಿಸಲ್ಪಟ್ಟ ತಾಯಂದಿರನ್ನು ನೆನೆದು ನನಗೆ ಇವತ್ತಿಗೂ ಸಂಕಟ. ಆದರೆ ಅನ್ಯಜನಾಂಗವಾದ ಮೋವಾಬಿನ ರೂತಳೂ ಅದೇ ಬೈಬಲಿನಲ್ಲಿದ್ದಾಳೆ, ಅರಸ ದಾವೀದನ ಮುತ್ತಜ್ಜಿಯಾಗಿ. ಒಪ್ಪಿ ಬಾಳುವ ಹೆಂಡತಿಯನ್ನು ಬಿಡಬಾರದು ಅಂತ ಪೌಲನು ಕೊರಿಂಥದವರಿಗೆ ಬರೆದದ್ದೂ ಇದೆ.

ಕೊನೆಗೆ, ಸದಾಶಿವಗಡದ ಐದನೇ ಕ್ಲಾಸಿನ ಹುಡುಗನೊಬ್ಬ ಕಾರ್ಡಿನ ಮೂಲೆಯಲ್ಲಿ ಕೇಳಿದ್ದಾನೆ: ಅವರು ಬಸ್ಸಿಲ್ಲದೆ ಹೇಗೆ ಬಂದರು? ಎಜ್ರನ ಎರಡನೇ ಅಧ್ಯಾಯದಲ್ಲಿ ಲೆಕ್ಕ ಇದೆ ಮರಿ. ಜನ 42,360, ಆಳುಕಾಳು 7,337. ಕುದುರೆ 736, ಹೇಸರಗತ್ತೆ 245, ಒಂಟೆ 435, ಕತ್ತೆ 6,720. ಕೂಡಿಸಿ ಭಾಗಿಸಿದರೆ ಆರು ಜನಕ್ಕೆ ಒಂದು ಪ್ರಾಣಿ. ಅದರ ಮೇಲೆ ಸಾಮಾನು, ಮುದುಕರು, ಕೂಸುಗಳು. ಬಾಬಿಲೋನಿನಿಂದ ಜೆರುಸಲೇಮಿಗೆ ದಾರಿ ಅಂದರೆ ಕಾರವಾರದಿಂದ ಬೆಂಗಳೂರಿಗೆ ಹೋಗಿ, ಬಂದು, ಮತ್ತೆ ಹೋದಷ್ಟು ದೂರ. ಆಮೇಲೆ ಬಂದ ಎಜ್ರನ ಗುಂಪಿಗೆ ನಾಲ್ಕು ತಿಂಗಳು ಹಿಡಿಯಿತು. ಕತ್ತೆಗಳನ್ನೂ ಬಿಡದೆ ಎಣಿಸಿದ್ದಾರೆ. ಎಷ್ಟು ಜೊತೆ ಚಪ್ಪಲಿ ಸವೆಯಿತು ಅಂತ ಮಾತ್ರ ಬರೆದಿಟ್ಟಿಲ್ಲ.