ಅಬ್ರಹಾಂ ಬಾಸ್ ಯಾರು? ಅವರ ಚಿತ್ರಗಳಲ್ಲಿ ಹಳೇ ಫ್ರೆಂಚ್ ಉಡುಪು ಅಷ್ಟು ಸ್ಪಷ್ಟವಾಗಿ ಕಾಣೋದು ಹೇಗೆ?

ಬಾಸ್ 17ನೇ ಶತಮಾನದ ಫ್ರೆಂಚ್ ಮುದ್ರಣ ಕಲಾವಿದ. ತೂರ್ ಪಟ್ಟಣದ ದರ್ಜಿಯ ಮಗ, ಬಟ್ಟೆ ಮೇಲೆ ಕಣ್ಣಿರೋದು ಸಹಜ ಅಲ್ವಾ! ಆದರೆ ಆ ಸ್ಪಷ್ಟತೆಗೆ ಕಾರಣ ಆಸಿಡ್.

ತಾಮ್ರದ ತಗಡಿಗೆ ಗಟ್ಟಿ ವಾರ್ನಿಷ್ ಬಳಿದು, ಅದರ ಮೇಲೆ ಮೊನೆಯಿಂದ ಗೀಚುತ್ತಿದ್ದರು. ಗೀಚಿದ ಕಡೆ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗೆರೆಗಳಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿದರೆ, ಕೂದಲೆಳೆಯಷ್ಟು ಸಣ್ಣ ಲೇಸು (ಉಡುಪಿಗೆ ಹಚ್ಚುವ ಜಾಲರಿ ಕಸೂತಿ) ಕೂಡ ಮೂಡುತ್ತದೆ.

1633ರ ಸುಮಾರಿಗೆ ರಾಜಾಜ್ಞೆ ಲೇಸಿನ ಆಡಂಬರಕ್ಕೆ ತಡೆ ಹಾಕಿತು. ಬಾಸ್ ಅದನ್ನೂ ಬಿಡಲಿಲ್ಲ: ಝಗಮಗಿಸುವ ಬಟ್ಟೆ ಕಳಚಿಟ್ಟು ಸಾದಾ ಉಡುಪಿನಲ್ಲಿ ನಿಂತ ಆಸ್ಥಾನಿಕನನ್ನು ಬಿಡಿಸಿದರು.

1645ರಲ್ಲಿ ಈ ಆಸಿಡ್ ಕೆತ್ತನೆ ವಿದ್ಯೆಯ ಕೈಪಿಡಿಯನ್ನೇ ಬರೆದರು. ಆಮೇಲೆ ಫ್ರಾನ್ಸಿನ ಚಿತ್ರ-ಶಿಲ್ಪ ಕಲೆಯ ರಾಯಲ್ ಅಕಾಡೆಮಿಯಲ್ಲಿ ಪಾಠ ಹೇಳಿದರು. ಅಲ್ಲಿನವರ ಜೊತೆ ಜಗಳ ಜಾಸ್ತಿಯಾಗಿ 1661ರಲ್ಲಿ ಹೊರಬಿದ್ದರು. 1676ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.