ಹದಿನೈದರ ಹುಡುಗ ಬೇಸಿಗೆ ರಜೆಯಲ್ಲಿ ದಿನಾ ಹತ್ತು ಕಿಲೋಮೀಟರ್ ಓಡಬಹುದೇ?

ಕೊಡಗಿನ ಅಮ್ಮತ್ತಿ ಕಡೆ ತೋಟದ ಮನೆ, ಮಗನಿಗೆ ಹದಿನೈದು, ಕ್ರಾಸ್ ಕಂಟ್ರಿ (ಗುಡ್ಡ, ಬಯಲುಗಳಲ್ಲಿ ಓಡುವ ಸ್ಪರ್ಧೆ) ಹುಚ್ಚು, ರಜೆ ಪೂರ್ತಿ ದಿನಾ ಹತ್ತು ಕಿಲೋಮೀಟರ್ ಓಡ್ತೀನಿ ಅಂತ ಹಟ ಹಿಡಿದಿದ್ದಾನೆ ಎಂದು ಬರೆದಿದ್ದೀರಿ. ಓಡಲಿ ಬಿಡಿ, ದಿನಾ ಹತ್ತು ಅನ್ನೋ ಹಟವನ್ನು ಮಾತ್ರ ಬಿಡಿಸಿ. ದೈಹಿಕ ಶಿಕ್ಷಕನಾಗಿ ಇಂಥವರನ್ನು ಪ್ರತಿ ವರ್ಷ ನೋಡ್ತೀನಿ. ಏಪ್ರಿಲ್‌ನಲ್ಲಿ ಗಡಿಯಾರದ ಜೊತೆ ಜಿದ್ದಿಗೆ ಬಿದ್ದವರು ಜೂನ್‌ನಲ್ಲಿ ಶಾಲೆಗೆ ಕುಂಟುತ್ತಾ ಬರ್ತಾರೆ.

ಅವನ ವಯಸ್ಸಿಗೆ, ಅಂದರೆ 16ರೊಳಗಿನವರಿಗೆ, ರಾಷ್ಟ್ರೀಯ ಕ್ರಾಸ್ ಕಂಟ್ರಿಯಲ್ಲಿ ಓಟ ಬರೀ 2 ಕಿಲೋಮೀಟರ್. 18ರೊಳಗಿನವರ ಗುಂಪಿಗೆ ಹೋದ ಕೂಡಲೇ ಹುಡುಗರಿಗೆ ಅದು 6 ಆಗುತ್ತೆ. ಈ ರಜೆ ಆ ಜಿಗಿತಕ್ಕೆ ಅಡಿಪಾಯ ಹಾಕೋಕೆ. ಹಾಗಾಗಿ ಹೆಚ್ಚಿನ ದಿನ ಪಕ್ಕದವನ ಜೊತೆ ಹರಟುತ್ತಾ ಓಡುವಷ್ಟು ನಿಧಾನ ಇರಲಿ. ಸೋಮಾರಿತನ ಅಂತ ಅವನಿಗೆ ಅನಿಸೋದು ಖಂಡಿತ. ಟೋಕಿಯೊದಲ್ಲಿ 1964ರಲ್ಲಿ 800 ಮತ್ತು 1500 ಮೀಟರ್ ಎರಡರಲ್ಲೂ ಚಿನ್ನ ಗೆದ್ದ ಪೀಟರ್ ಸ್ನೆಲ್‌ಗೂ ಕೋಚ್ ಆರ್ಥರ್ ಲಿಡಿಯಾರ್ಡ್ ಮೊದಲು ಮಾಡಿಸಿದ್ದು ನ್ಯೂಜಿಲೆಂಡಿನ ಗುಡ್ಡಗಳಲ್ಲಿ ಉದ್ದುದ್ದ ಓಟವನ್ನೇ. ಒಮ್ಮೆಗೆ 35 ಕಿಲೋಮೀಟರ್ ಓಡ್ತಿದ್ದರು ಅನ್ನೋದನ್ನು ಮಾತ್ರ ಹುಡುಗನಿಗೆ ಹೇಳಬೇಡಿ, ನಾಳೆಯಿಂದಲೇ ಶುರು ಹಚ್ಚಿಕೊಂಡಾನು.

ನಮ್ಮ ಕಡೆ ಹತ್ತುವುದಕ್ಕಿಂತ ಇಳಿಯೋದು ಅಪಾಯ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು, ಅದಕ್ಕೇ ಮರುದಿನ ಮೆಟ್ಟಿಲು ಇಳಿಯೋಕಾಗಲ್ಲ. ಬೆಳೆಯುವ ವಯಸ್ಸಿನಲ್ಲಿ ಇನ್ನೊಂದು ತಾಪತ್ರಯ: ತೊಡೆಯ ಸ್ನಾಯು ಮಂಡಿಚಿಪ್ಪಿನ ಕೆಳಗಿನ ಗಂಟನ್ನು ಎಳೆದೂ ಎಳೆದೂ ಅಲ್ಲಿ ನೋವು ಹುಟ್ಟುತ್ತೆ. ಡಾಕ್ಟರು ಆಸ್‌ಗುಡ್-ಶ್ಲಾಟರ್ ಅಂತಾರೆ. ರಾತ್ರಿ ಊಟಕ್ಕೆ ಕೂತಾಗ ಆ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಏನಿಲ್ಲ ಅಂತ ಬಾಯಲ್ಲಿ ಹೇಳಿದರೂ ಕಾಲು ಹಿಂದೆಳೆದುಕೊಂಡರೆ ಓಟ ಕಡಿಮೆ ಮಾಡಿಸಿ, ವೈದ್ಯರಿಗೆ ತೋರಿಸಿ. ಜೀಪಿನಲ್ಲಿ ಹತ್ತಿಸಿ ಮೇಲಿಂದ ಕೆಳಗೆ ಓಡಿಸುವ ಸಾಹಸವಂತೂ ಬೇಡವೇ ಬೇಡ.

ಕೊಡವ ಮನೆತನಗಳು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ ಬಿಡಿಸಬೇಕಾ ಅಂದಿರಿ. 1997ರಲ್ಲಿ ಕರಡದಲ್ಲಿ ಅದರ ಮೊದಲ ಟೂರ್ನಿ ಪಾಂಡಂಡ ಕಪ್ ಆಡಿದಾಗಿನಿಂದ ಕೊಡವರ ಹುಡುಗರ ಬೇಸಿಗೆ ಅಂದರೆ ಅದೇ. ಬಿಡಿಸಿದರೆ ಮನೆಯಲ್ಲಿ ನಿಮ್ಮ ಜೊತೆ ಯಾರೂ ಮಾತಾಡಲ್ಲ! ಆಡಲಿ. ಪಂದ್ಯ ಇದ್ದ ದಿನವನ್ನೇ ವಾರದ ಜೋರು ಓಟ ಅಂತ ಲೆಕ್ಕ ಹಿಡಿಯಿರಿ, ಮರುದಿನ ವಿಶ್ರಾಂತಿ.

ಗಾಳಿ ತೆಳುವಾದ ಎತ್ತರದ ಜಾಗದಲ್ಲಿ ತರಬೇತಿ ಅಂತ ಮಡಿಕೇರಿಗೆ ಕಳಿಸಲಾ ಅನ್ನೋದಕ್ಕೆ, ಬೇಡ. ಮಡಿಕೇರಿ ಇರೋದು ಸುಮಾರು 1,150 ಮೀಟರಿನಲ್ಲಿ. ಓಟಗಾರರು ಎತ್ತರ ಅಂತ ಹುಡುಕಿ ಹೋಗೋದು ಸಾಮಾನ್ಯವಾಗಿ 2,000 ದಾಟಿದ ಜಾಗಗಳನ್ನು.

ಇನ್ನು ಹೊತ್ತಿನ ವಿಷಯ. ಸಂಜೆ ಗುಡುಗು ಸಹಿತ ಮಳೆ ಬರುವ ಕಾಲ, ಬೆಳಗ್ಗೆಯೇ ಓಡೋದು ವಾಸಿ. ಆದರೆ ಅಮ್ಮತ್ತಿ, ಸಿದ್ದಾಪುರ ಕಡೆ ಆನೆಗಳು ರಾತ್ರಿಯೆಲ್ಲ ತೋಟದಲ್ಲೇ ಇರ್ತವೆ. ಚೆನ್ನಾಗಿ ಬೆಳಕಾಗುವವರೆಗೆ ಗೇಟು ದಾಟಿಸಬೇಡಿ, ಕಿವಿಗೆ ಇಯರ್‌ಫೋನ್ ಬೇಡ, ಒಬ್ಬನೇ ಬೇಡ. ವಾಟ್ಸಾಪ್‌ನಲ್ಲಿ ಆನೆ ಸುದ್ದಿ ಬಂದ ದಿನ ಅಂಗಳದಲ್ಲೇ ಹಗ್ಗ ಹಾರಲಿ (ಸ್ಕಿಪ್ಪಿಂಗ್).