ಅಟ್ಟದಿಂದ ಇಳಿದ ಏಳು ಗಾಲ್ಫ್ ಕೋಲುಗಳು

ಪ್ರಶ್ನೆ: ನಮ್ಮ ಮಾವನವರು ಖಡಕಿಯಲ್ಲಿ ಕೆಲಸದಲ್ಲಿದ್ದಾಗ ಅಧಿಕಾರಿಯೊಬ್ಬರು ಕೊಟ್ಟ ಏಳು ಗಾಲ್ಫ್ ಕೋಲುಗಳು ಅಟ್ಟದಲ್ಲಿ ಸಿಕ್ಕಿವೆ. ಉದ್ದದ ಹಿಡಿ ಮರದ್ದು. ಐದಕ್ಕೆ ಕಬ್ಬಿಣದ ತಲೆ, ಎರಡಕ್ಕೆ ಮರದ ತಲೆ. ಒಂದರ ಮೇಲೆ ‘ಮ್ಯಾಶಿ’ ಎಂದು ಅಚ್ಚೊತ್ತಿದೆ. ಮಗ ಪಾಲಿಶ್ ಮಾಡಿಸಿ ಗೋಡೆಗೆ ಹಾಕೋಣ ಅನ್ನುತ್ತಾನೆ. ಇವುಗಳಲ್ಲಿ ಆಡಬಹುದೇ?
— ಓದುಗಿ, ಔಂಧ್, ಪುಣೆ

ಉತ್ತರ: ತಂಗೀ, ಮೊದಲು ಆ ಪಾಲಿಶ್ ನಿಲ್ಲಿಸಿ. ಮರಳು ಕಾಗದದಿಂದ ಉಜ್ಜಿದರೆ ತಲೆಯ ಹಿಂದಿನ ಅಚ್ಚು ಅಳಿಸಿಹೋಗುತ್ತದೆ. ಮಾಡಿದವರು ಯಾರು, ಯಾವ ಊರು ಎಂದು ತಿಳಿಯಲು ಉಳಿದಿರುವುದು ಆ ಗುರುತೊಂದೇ.

ಚೆಂಬೂರಿನಲ್ಲಿದ್ದುಕೊಂಡು ಮೂವತ್ತೈದು ವರ್ಷ ಗಾಲ್ಫ್ ಕೋಲುಗಳ ರಿಪೇರಿಯನ್ನೇ ಮಾಡಿದವನು ನಾನು. ಮರದ ಕೋಲು ಕೈಗೆ ಬಂದಾಗಲೆಲ್ಲ ಪುತ್ತೂರಿನ ನಮ್ಮ ಅಜ್ಜ ಕೊಡಲಿಯ ಕಾವು ಕೆತ್ತುತ್ತಿದ್ದುದು ನೆನಪಾಗುತ್ತದೆ. ಇದೂ ಕಾವೇ ಅಲ್ವಾ? ಆದರೆ ಮರ ಮಾತ್ರ ಹಿಕರಿ, ಅಮೆರಿಕದ್ದು. ಬಾಗುತ್ತದೆ, ಬೇಗ ಮುರಿಯುವುದಿಲ್ಲ.

ಈಗ ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ತಂದು ಏಳು ಕಾವಿಗೂ ಹಿಡಿದು ನೋಡಿ. 1930ರ ದಶಕದಲ್ಲಿ ಉಕ್ಕಿನ ಕೊಳವೆಗೆ ಮರದ ಬಣ್ಣದ ಹೊದಿಕೆ ಹಾಕಿ ಮಾರುತ್ತಿದ್ದರು. ಹಳಬರ ಕಣ್ಣಿಗೆ ಮರವೇ ಹಿತವಾಗಿತ್ತು. ಎಷ್ಟೋ ಜನ ಅದನ್ನು ಮರ ಅಂದುಕೊಂಡೇ ನನ್ನ ಬಳಿ ತಂದಿದ್ದಾರೆ. ಮ್ಯಾಗ್ನೆಟ್ ಅಂಟಿದರೆ ಅದು ಉಕ್ಕು.

ಅಂಟದಿದ್ದರೆ ಕೋಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ಸೊಟ್ಟಗಿದೆಯೇ? ಹುಳ ಕೊರೆದ ತೂತಿದೆಯೇ? ಕಬ್ಬಿಣ ಮತ್ತು ಮರ ಸೇರುವ ಕುತ್ತಿಗೆಯನ್ನು ಜಾಸ್ತಿ ಗಮನವಿಟ್ಟು ನೋಡಿ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ಕೋಲು ಆಟಕ್ಕೆ ಬೇಡ. ಮೆಲ್ಲಗೆ ಅಲುಗಿಸಿದಾಗ ಟಿಕ್ ಎಂದರೆ ತಲೆ ಸಡಿಲವಾಗಿದೆ. ಕೆಲವರು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಮರ ಉಬ್ಬಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಣಗಿದ ಮೇಲೆ ಮತ್ತೆ ಸಡಿಲ, ಒಳಗೆ ತುಕ್ಕು ಬೇರೆ. ಕೆಲಸ ಬಲ್ಲವರಿಂದ ತಲೆಯನ್ನು ಕಾವಿಗೆ ಹಿಡಿದಿಡುವ ಅಡ್ಡ ಮೊಳೆ ತೆಗೆಸಿ ಮತ್ತೆ ಕೂರಿಸಬೇಕು. ಮರದ ತಲೆಯ ಕುತ್ತಿಗೆಗೆ ಸುತ್ತಿದ ದಾರ ಬಿಚ್ಚಿಕೊಂಡಿದ್ದರೆ ಮೇಣ ಹಚ್ಚಿದ ಗಟ್ಟಿ ದಾರವನ್ನು ಒತ್ತೊತ್ತಾಗಿ ಸುತ್ತಿಸಿ.

ಕಾವಿಗೆ ಅಗಸೆ ಎಣ್ಣೆ. ಬಟ್ಟೆಗೆ ಎರಡು ಹನಿ ಸಾಕು, ಹಚ್ಚಿ ಒರೆಸಿಬಿಡಿ. ಬಿಸಿಲಿಗೆ ಇಡಬೇಡಿ. ಕಾರಿನ ಡಿಕ್ಕಿಯಲ್ಲಂತೂ ಬೇಡವೇ ಬೇಡ.

ಇನ್ನು ಹೆಸರುಗಳು. ನಿಮ್ಮ ಮ್ಯಾಶಿ ಸುಮಾರಾಗಿ ಇಂದಿನ 5ನೇ ನಂಬರಿನ ಐರನ್, ಅಂದರೆ ಕಬ್ಬಿಣದ ತಲೆಯ ಕೋಲು. ತಲೆ ಹೆಚ್ಚು ಹಿಂದಕ್ಕೆ ವಾಲಿದ್ದು ನಿಬ್ಲಿಕ್, ಅಂದರೆ 9ನೇ ನಂಬರಿನ ಹತ್ತಿರ. ಮರದ ತಲೆಯ ಅಡಿಗೆ ಹಿತ್ತಾಳೆ ತಗಡಿದ್ದರೆ ಅದು ಬ್ರಾಸಿ. ಏಳೇ ಇವೆ ಎಂದು ಕೊರಗಬೇಡಿ, ಏಳರಲ್ಲಿ ಧಾರಾಳವಾಗಿ ಆಡಬಹುದು.

ಹೌದು, ಆಡಿ. ಗೋಡೆ ಬೇಡ. ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ 1927ರಲ್ಲಿ ಶುರುವಾಯಿತು. ಬ್ರಿಟನ್ನಿನ ನಿಯಮ ಉಕ್ಕಿನ ಕಾವನ್ನು ಒಪ್ಪಿಕೊಂಡದ್ದು 1929ರಲ್ಲಿ. ಅಂದರೆ ಶುರುವಿನಲ್ಲಿ ಆ ಕ್ಲಬ್ಬಿನ ಆಟವೂ ಮರದ ಕಾವಿನಲ್ಲೇ. 1930ರಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಒಂದೇ ವರ್ಷದಲ್ಲಿ ನಾಲ್ಕು ದೊಡ್ಡ ಪಂದ್ಯ ಗೆದ್ದದ್ದೂ ಹಿಕರಿಯಲ್ಲೇ. ಇದು ಆಟಕ್ಕೆಂದೇ ಮಾಡಿದ ವಸ್ತು ತಂಗೀ.

ಆದರೆ ನಿಧಾನವಾಗಿ ಬೀಸಬೇಕು. ಹಿಕರಿ ಬಾಗುವುದಷ್ಟೇ ಅಲ್ಲ, ತಿರುಚುತ್ತದೆ ಕೂಡ. ಜೋರಾಗಿ ಬೀಸಿದರೆ ತಲೆ ಹಿಂದೆ ಉಳಿದು, ಚೆಂಡು ಬಲಕ್ಕೆ ಹೋಗುತ್ತದೆ. ಕೈ ಕೆಳಗಿಳಿಯುವಾಗ ತಲೆ ಬಂದು ಸೇರುವಷ್ಟು ಹೊತ್ತು ಕೊಡಿ. ರಬ್ಬರ್ ಚಾಪೆಯ ಮೇಲೆ ಹೊಡೆಯಬೇಡಿ, ಹುಲ್ಲೇ ಬೇಕು. ನನ್ನೆದುರೇ ಒಬ್ಬರು ಚಾಪೆಯ ಮೇಲೆ ಪೂರ್ತಿ ಬಲ ಹಾಕಿದರು. ಒಳ್ಳೆಯ ಕ್ಲೀಕ್ (ತಲೆ ಅಷ್ಟಾಗಿ ಹಿಂದಕ್ಕೆ ವಾಲದ ಕಬ್ಬಿಣದ ಕೋಲು) ಒಂದು ಒಣ ಕಬ್ಬಿನ ಹಾಗೆ ಕುತ್ತಿಗೆಯಲ್ಲೇ ಮುರಿಯಿತು. ಮೊದಲೇ ಹೇಳಬೇಕಿತ್ತು ನಾನು. ಇವತ್ತಿಗೂ ಬೇಸರವಿದೆ.

ಪ್ರಶ್ನೆ: ಹಳೆಯ ಕೋಲುಗಳಲ್ಲೇ ಆಡುವ ಹಳೆಯ ಮೈದಾನಗಳು ಎಲ್ಲಾದರೂ ಇವೆಯೇ?
— ಓದುಗ, ಡೊಂಬಿವಲಿ

ಉತ್ತರ: ಸ್ಕಾಟ್‌ಲೆಂಡಿನ ಮಸಲ್‌ಬರೋದಲ್ಲಿ ನಾನೇ ಆಡಿದ್ದೇನೆ. ಮಗಳು ಎಡಿನ್‌ಬರೋದಲ್ಲಿದ್ದಾಗ ಕರೆದುಕೊಂಡು ಹೋದಳು. ಕುದುರೆ ರೇಸಿನ ಮೈದಾನದ ನಡುವೆ ಒಂಬತ್ತು ಗುಳಿಗಳು. 1672ರಲ್ಲೇ ಅಲ್ಲಿ ಗಾಲ್ಫ್ ಆಡಿದ್ದಕ್ಕೆ ಬರಹದ ದಾಖಲೆಯಿದೆ. 1874ರಿಂದ 1889ರೊಳಗೆ ಓಪನ್, ಅಂದರೆ ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯ, ಆರು ಸಲ ನಡೆದ ಜಾಗ ಅದು. ಹಿಕರಿ ಕೋಲುಗಳನ್ನು ಬಾಡಿಗೆಗೆ ಕೊಡುತ್ತಾರೆ. ಅಷ್ಟು ವರ್ಷ ಬೇರೆಯವರ ಕೋಲು ರಿಪೇರಿ ಮಾಡಿದ ಕೈಯಲ್ಲಿ ಅದನ್ನು ಹಿಡಿದು ಅಲ್ಲಿ ನಿಂತಾಗ ಕಣ್ಣು ತುಂಬಿತು. ಗಾಳಿ ಎದುರಿಗಿತ್ತು. ಮೂರನೆಯ ಹೊಡೆತ ಸರಿಯಾಗಿ ಕೂತಿತು. ಹಾಗೆ ಕೂತಾಗ ಕೈಗೆ ಏನೂ ತಾಗಿದಂತೆಯೇ ಅನಿಸುವುದಿಲ್ಲ, ಸುಮ್ನೆ ಹೋಗುತ್ತದೆ ಚೆಂಡು.

ಪಾಳುಬಿದ್ದ ಮೇಲೆ ಮತ್ತೆ ಎದ್ದು ನಿಂತದ್ದು ಅಮೆರಿಕದ ವೆಸ್ಟ್ ವರ್ಜೀನಿಯಾದ ಓಕ್‌ಹರ್ಸ್ಟ್. 1884ರಲ್ಲಿ ಶುರುವಾಗಿ, ಆಟ ನಿಂತು, ಹುಲ್ಲುಗಾವಲಾಯಿತು. 1994ರಲ್ಲಿ ಒಂಬತ್ತು ಗುಳಿಗಳನ್ನೂ ಮತ್ತೆ ಆಟಕ್ಕೆ ತೆರೆದರು. ಅಲ್ಲಿ ಹುಲ್ಲು ಮೇಯಲು ಕುರಿಗಳನ್ನು ಬಿಟ್ಟರು. ಚೆಂಡು ಇಡುವ ಟೀ ಕಡ್ಡಿಯ ಬದಲು ಒದ್ದೆ ಮರಳಿನ ಪುಟ್ಟ ಗುಡ್ಡೆ. ಚೆಂಡು ಗಟ್ಟಾ ಪರ್ಚಾದ್ದು, ಅಂದರೆ ಮಲಯ ಕಡೆಯ ಮರದ ಹಾಲಿನಿಂದ ಮಾಡಿದ್ದು. 2016ರ ನೆರೆ ಆ ಊರನ್ನೆಲ್ಲ ನುಗ್ಗಿ ಹಾಳುಮಾಡಿತು. ಸುದ್ದಿ ಓದಿದಾಗ ನಮ್ಮ ಊರಿಗೇ ನೀರು ಬಂದಂತೆ ಸಂಕಟವಾಗಿತ್ತು.

ಪ್ರಶ್ನೆ: ಮರದ ಕೋಲಿಗೆ ಇಂದಿನ ಚೆಂಡು ನಡೆಯುತ್ತದೆಯೇ?
— ಓದುಗ, ವಾಸ್ಕೊ, ಗೋವಾ

ಉತ್ತರ: ನಡೆಯುತ್ತದೆ, ಆದರೆ ಮೆತ್ತನೆಯದು ಬೇಕು. ಅಂಗಡಿಯಲ್ಲಿ ಕಂಪ್ರೆಶನ್ ಕಡಿಮೆ ಇರುವ, ಅಂದರೆ ಹೊಡೆದಾಗ ಸುಲಭವಾಗಿ ಅದುಮುವ ಚೆಂಡು ಕೇಳಿ. ಅಭ್ಯಾಸಕ್ಕೆ ಬಕೆಟ್ಟಿನಲ್ಲಿ ಕೊಡುವ ಗಟ್ಟಿ ಚೆಂಡು ಬೇಡ, ಮರದ ತಲೆಯ ಮುಖ ಒಡೆಯುತ್ತದೆ. ನಿಮ್ಮ ಕಡೆ ತೇವ ಜಾಸ್ತಿ. ಮಳೆ ಹನಿದರೆ ಆಟ ನಿಲ್ಲಿಸಿ, ಕೋಲನ್ನು ಅಲ್ಲೇ ಒಣಬಟ್ಟೆಯಲ್ಲಿ ಒರೆಸಿ.